ಜಾಕೀಟಿನ ತೋಳು ಜಾರದಂತೆ ನಿಲ್ಲಿಸುವ ಕ್ರಮ

ಈ ಜ್ಞಾಪಕ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಕೇಳಿಕೊಂಡಾಗ, ಸ್ತ್ರೀವಿದ್ಯಾಭ್ಯಾಸವನ್ನು ಕುರಿತಾಗಲಿ ನಮ್ಮ ಪಾಠಶಾಲೆಯ ಪೂರ್ವಚರಿತ್ರೆಯನ್ನು ಕುರಿತಾಗಲಿ ನಾನು ಬರೆಯುವೆನೆಂದು ಅವರು ಎಣಿಸಿದ್ದಿರಬಹುದು. ಆ ವಿಷಯಗಳನ್ನು ನನಗಿಂತ ಹಿರಿಯರೂ ಸಮರ್ಥರೂ ಆದವರು ಬರೆಯುತ್ತಿದ್ದಾರೆ. ನಾನು ಆರಿಸಿಕೊಂಡದ್ದು ಬಹು ಅಲ್ಪವಾದ ಒಂದು ಸಂಗತಿ: ಮೇಲಕ್ಕೆ ಏರಿಸಿದ ಜಾಕೀಟಿನ ತೋಳು ಮೇಲಿಂದ ಮೇಲೆ ಜಾರಿ ಬೀಳುವದೇಕೆ, ಅದನ್ನು ಏರಿಸಿದಲ್ಲಿಯೇ ನಿಲ್ಲಿಸುವದು ಹೇಗೆ ಎಂಬದು. ಓದಿ ನಗುವವರು ನಗಲಿ. ಆದರೆ ಈ ಅಲ್ಪ ಸಂಗತಿಯನ್ನು ವಿಚಾರಿಸದೆ ನಾನು ಒಬ್ಬ ಹುಡುಗಿಗೆ ಅನ್ಯಾಯ ಮಾಡಿದ್ದುಂಟು. ಆದಕಾರಣ ಈ ಪಾಠವನ್ನು ಬೇರೆಯವರಿಗೆ ಹೇಳುವ ಮೊದಲು ನಾನೇ ಕಲಿಯಬೇಕಾಯಿತು.

ಮೊದಲು ಶಬ್ದಗಳ ವಿಷಯ. ನಮ್ಮ ಅಜ್ಜಿಯರ ಕಾಲದಲ್ಲಿ ಜಾಕೀಟು ಎಂದರೆ ಸೀರೆಯ ಜೊತೆಗೆ ತೊಡುವ ರವಿಕೆ. ಹಳೆಯ ಮನೆಗಳಲ್ಲಿ ಈಗಲೂ ಹಾಗೆಂದು ಹೇಳುವವರಿದ್ದಾರೆ. ಇಲ್ಲಿ ನಾನು ಹೇಳುವದು ಅಂಗಿಯ ಮೇಲೆ ತೊಡತಕ್ಕ, ಒಳಗೆ ಅಸ್ತರು ಕೊಟ್ಟು ಹೊಲಿದ ದಪ್ಪ ಬಟ್ಟೆಯ ಜಾಕೀಟನ್ನು. ಇನ್ನು ತೋಳೆಂಬ ಮಾತಿಗೆ ಶರೀರದ ಅಂಗವೆಂದೂ ಉಡುಪಿನ ಭಾಗವೆಂದೂ ಎರಡು ಅರ್ಥಗಳಿರುವದರಿಂದ, ಗೊಂದಲವಾಗದಂತೆ ಈ ಪಾಠದಲ್ಲಿ ಬಟ್ಟೆಯದನ್ನು ತೋಳೆಂದೂ ಶರೀರದ್ದನ್ನು ಕೈಯೆಂದೂ ಕರೆಯುತ್ತೇನೆ.

ಕೆಲವು ವರುಷಗಳ ಹಿಂದೆ, ಜನವರಿ ತಿಂಗಳ ಒಂದು ಮುಂಜಾನೆ, ಹತ್ತನೆಯ ತರಗತಿಯವರಿಗೆ ನಾನು ರಸಾಯನಶಾಸ್ತ್ರದ ಪ್ರಯೋಗವನ್ನು ಮಾಡಿಸುತ್ತಿದ್ದೆನು. ಚಳಿ ಹೆಚ್ಚಾಗಿದ್ದುದರಿಂದ ಜಾಕೀಟುಗಳನ್ನು ತೆಗೆದಿಡಿರೆಂದು ನಾನು ಹೇಳಲಿಲ್ಲ. ತೋಳುಗಳನ್ನು ಮೇಲಕ್ಕೆ ಏರಿಸಿಕೊಳ್ಳಿರಿ ಎಂದಷ್ಟೇ ಹೇಳಿದೆನು. ಮದ್ಯಸಾರದ ದೀಪದ ಮೇಲೆ ಪ್ರನಾಳವನ್ನು ಹಿಡಿದಿದ್ದ ಒಬ್ಬಳ ತೋಳು ಜಾರಿ ಉರಿಯನ್ನು ಮುಟ್ಟಿ ಕರಿಕಾಯಿತು. ನಾನು ಹತ್ತಿರದಲ್ಲಿಯೇ ಇದ್ದುದರಿಂದ ದೀಪವನ್ನು ಮುಚ್ಚಿ, ಅವಳ ಕೈಯನ್ನು ನಲ್ಲಿಯ ನೀರಿನ ಕೆಳಗೆ ಹಿಡಿಸಿದೆನು. ಚರ್ಮಕ್ಕೆ ಏನೂ ಆಗಿರಲಿಲ್ಲ. ಆದರೆ ನನ್ನ ಹೆದರಿಕೆಯು ಕೋಪವಾಗಿ ತಿರುಗಿತು. ಎಲ್ಲರ ಎದುರಿನಲ್ಲಿ ಅವಳನ್ನು ಗದರಿಸಿ, ‘ಅಜಾಗರೂಕತೆ’ ಎಂದು ಅವಳ ದಿನಚರಿಯಲ್ಲಿ ಕೆಂಪು ಶಾಯಿಯಿಂದ ಬರೆದೆನು. ಹುಡುಗಿಯು ಒಂದು ಮಾತನ್ನೂ ಆಡಲಿಲ್ಲ.

ಅದೇ ದಿನ ಮಧ್ಯಾಹ್ನ ಹೊಲಿಗೆಯ ಉಪಾಧ್ಯಾಯಿನಿಯವರು ಸುಟ್ಟ ತೋಳನ್ನು ದುರಸ್ತು ಮಾಡುವದಕ್ಕಾಗಿ ಜಾಕೀಟನ್ನು ಮೇಜಿನ ಮೇಲೆ ಹರಡಿ, ‘ಸ್ವಲ್ಪ ಬಂದು ನೋಡಿರಿ’ ಎಂದು ನನ್ನನ್ನು ಕರೆದರು. ಜಾಕೀಟು ಅವಳ ಅಕ್ಕನದು. ತೋಳು ಇವಳ ಅಳತೆಗಿಂತ 3 ಅಂಗುಲ ಉದ್ದ. ಒಳಭಾಗದಲ್ಲಿ ಎರಡು ಸೇಫ್ಟಿಪಿನ್ನುಗಳಿದ್ದವು. ಅವುಗಳಲ್ಲೊಂದು ಬಿಚ್ಚಿಕೊಂಡು ಅಸ್ತರನ್ನು ಸೀಳಿತ್ತು. ಅಂದರೆ ಹುಡುಗಿಯು ಅಜಾಗರೂಕಳಾಗಿರಲಿಲ್ಲ. ತನ್ನ ಬುದ್ಧಿಗೆ ತೋಚಿದ ಉಪಾಯವನ್ನು ಮಾಡಿಕೊಂಡೇ ಬಂದಿದ್ದಳು. ಅಸ್ತರಂತೂ ಎಣ್ಣೆ ಸವರಿದ ಹಾಗೆ ನುಣುಪು. ಆ ಅಸ್ತರನ್ನು ಆರಿಸಿದವರು ಯಾರು? ಸಮವಸ್ತ್ರದ ಮಾದರಿಯನ್ನು ನೋಡಿ, ಹೊಳಪು ಚೆನ್ನಾಗಿದೆ ಎಂದು ಮೆಚ್ಚಿ ರುಜು ಹಾಕಿದವಳು ನಾನೇ. ಮರುದಿನ ಅದೇ ತರಗತಿಯ ಎದುರಿನಲ್ಲಿ ಅವಳ ಕ್ಷಮೆಯನ್ನು ಬೇಡಿ, ಬರೆದದ್ದನ್ನು ಹೊಡೆದುಹಾಕಿದೆನು. ಆ ತರುವಾಯ ನಾವು ಉಪಾಧ್ಯಾಯಿನಿಯರಿಬ್ಬರೂ ಕೂಡಿ ಅಳೆದು, ಹೊಲಿದು, ಬಿಚ್ಚಿ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಕಾರಣವನ್ನು ತಿಳಿಯದೆ ಉಪಾಯವನ್ನು ಹುಡುಕಬಾರದಷ್ಟೆ. ಅಳತೆಯ ಪಟ್ಟಿಯನ್ನು ತೆಗೆದುಕೊಂಡು ನಿಮ್ಮ ಕೈಯ ಸುತ್ತಳತೆಯನ್ನು ಎರಡು ಸ್ಥಳಗಳಲ್ಲಿ ನೋಡಿರಿ. ನನ್ನ ಕೈಯು ಮಣಿಕಟ್ಟಿನಲ್ಲಿ 6 ಅಂಗುಲ. ಮೊಣಕೈಯ ಮಡಿಕೆಯಿಂದ ಎರಡು ಬೆರಳು ಕೆಳಗೆ, ಮಾಂಸವು ತುಂಬಿರುವ ಸ್ಥಳದಲ್ಲಿ, 9½ ಅಂಗುಲ. ಮುಂಗೈಯು ಹೀಗೆ ಮೂಲಂಗಿಯ ಆಕಾರದ್ದಾಗಿ ಮೇಲೆ ದಪ್ಪವೂ ಕೆಳಗೆ ಸಪೂರವೂ ಆಗಿರುತ್ತದೆ. ಮೂಲಂಗಿಗೆ ಬಳೆಯನ್ನು ತೊಡಿಸಿ ಅಲುಗಿಸಿದರೆ ಅದು ಯಾವ ಕಡೆಗೆ ಹೋಗುವದೆಂದು ಹೇಳಬೇಕಾಗಿಲ್ಲ. ಬಿಗಿಯಾದ ಅಂಚಿನ ತೋಳಾದರೂ ದಪ್ಪ ಭಾಗದ ಕೆಳಗಡೆಯಲ್ಲಿ ನಿಂತರೆ, ಅದರ ಬಿಗಿತವೇ ಅದನ್ನು ಸಪೂರವಾದ ಕಡೆಗೆ ತಳ್ಳುತ್ತದೆ.

ಆದರೆ ಇಲ್ಲಿ ನನಗೆ ಮೊದಲು ತಿಳಿಯದಿದ್ದ ಒಂದು ವಿಶೇಷವುಂಟು. ಮೇಲಿನ ಅಳತೆಗಳಿಂದ ಲೆಕ್ಕ ಹಾಕಿದರೆ ಮುಂಗೈಯ ಇಳಿಜಾರು ಬಹಳ ಕಡಿದಾದದ್ದಲ್ಲ. ತೋಳನ್ನು ಏರಿಸಿ ಕೈಯನ್ನು ಮೇಜಿನ ಮೇಲೆ ಅಲುಗಿಸದೆ ಇಟ್ಟುಕೊಳ್ಳಿರಿ. ಒಂದು ಗಂಟೆಯಾದರೂ ತೋಳು ಇದ್ದಲ್ಲಿಯೇ ಇರುವದು. ಬಟ್ಟೆಗೂ ಚರ್ಮಕ್ಕೂ ಇರುವ ಘರ್ಷಣೆಯು ಅಷ್ಟು ಇಳಿಜಾರಿಗೆ ಸಾಕು. ಕೆಲಸಕ್ಕೆ ತೊಡಗಿದ ಕೂಡಲೇ ಬೇರೆಯಾಗುತ್ತದೆ. ಮೊಣಕೈಯನ್ನು ಬಾಗಿಸಿದಾಗ ಅದರ ಹೊರಬದಿಗೆ ಹೆಚ್ಚು ಬಟ್ಟೆ ಬೇಕಾಗಿ ತೋಳು ಎಳೆಯಲ್ಪಡುತ್ತದೆ. ನೇರಮಾಡಿದಾಗ ಆ ಹೆಚ್ಚಿನ ಬಟ್ಟೆಯು ಸಡಿಲಾಗಿ ಕೆಳಕ್ಕೆ ಒತ್ತುತ್ತದೆ. ಬೆರಳುಗಳನ್ನು ಮುಚ್ಚಿ ತೆರೆದಾಗಲೆಲ್ಲ ಮುಂಗೈಯ ಸ್ನಾಯುಗಳು ಉಬ್ಬಿ ತಗ್ಗುತ್ತವೆ. ಈ ಒಂದೊಂದು ಅಲುಗಾಟಕ್ಕೂ ಬಟ್ಟೆಯ ಹಿಡಿತವು ಕ್ಷಣಮಾತ್ರ ತಪ್ಪಿ, ತೋಳು ಕೂದಲೆಳೆಯಷ್ಟು ಇಳಿಯುತ್ತದೆ. ಇಳಿದದ್ದು ತಾನಾಗಿ ಮೇಲಕ್ಕೆ ಏರುವದಿಲ್ಲ. ಹೀಗೆ ಅದು ಜಾರುವದೆನ್ನುವದಕ್ಕಿಂತ ನಡೆದುಕೊಂಡು ಬರುತ್ತದೆನ್ನುವದೇ ಸರಿ. ಕಪ್ಪುಹಲಗೆಯ ಮೇಲೆ ಎತ್ತರದಲ್ಲಿ ಬರೆಯುವಾಗ ಮಾತ್ರ ಭಾರವು ಮೊಣಕೈಯ ಕಡೆಗಿರುವದರಿಂದ ತೋಳು ತಾನಾಗಿ ಹಿಂದಕ್ಕೆ ಸರಿಯುತ್ತದೆ. ಉಪಾಧ್ಯಾಯಿನಿಯರಿಗೆ ಈ ತೊಂದರೆಯು ತಡವಾಗಿ ತಿಳಿಯಲು ಇದೇ ಕಾರಣವೋ ಏನೋ!

ಮೂರನೆಯ ಕಾರಣವೇ ಅಸ್ತರು. ಉಣ್ಣೆಯ ಒರಟು ಬಟ್ಟೆಯೊಳಗೆ ಕೈಯು ಸುಲಭವಾಗಿ ಹೋಗಲೆಂದೇ ದರ್ಜಿಗಳು ರೇಷ್ಮೆಯನ್ನೋ ಸಾಟಿನನ್ನೋ ಕೃತಕ ನೂಲಿನ ನುಣುಪು ಬಟ್ಟೆಯನ್ನೋ ಒಳಗೆ ಕೊಡುತ್ತಾರೆ. ತೊಡುವಾಗ ಯಾವದು ಗುಣವೋ ಏರಿಸಿದಾಗ ಅದೇ ದೋಷ. ಒಳಗಿನ ಅಂಗಿಯು ಹತ್ತಿಯದಾಗಿ ಉದ್ದತೋಳಿನದಾಗಿದ್ದರೆ ಬಹುಮಟ್ಟಿಗೆ ಅನುಕೂಲವುಂಟು. ಅದನ್ನು ಹೇಗೆ ಉಪಯೋಗಿಸಬೇಕೆಂದು ಮುಂದೆ ಹೇಳುವೆನು.

ಇನ್ನು ಉಪಾಯಗಳು. ಯಾವ ಖರ್ಚೂ ಇಲ್ಲದ್ದು ಮೊದಲು. ತೋಳನ್ನು ಏರಿಸುವವರು ಸಾಮಾನ್ಯವಾಗಿ ಅಂಚನ್ನು ಹಿಡಿದು ಒಂದೇ ಸಾರಿ ಮೇಲಕ್ಕೆ ನೂಕುತ್ತಾರೆ. ಬಟ್ಟೆಯೆಲ್ಲ ಮೊಣಕೈಯ ಕೆಳಗೆ ನೆರಿಗೆಯಾಗಿ ಒಟ್ಟುಗೂಡಿ, ಒತ್ತಿದ ಸ್ಪ್ರಿಂಗಿನಂತೆ ಕೆಳಕ್ಕೆ ತಳ್ಳುತ್ತದೆ. ಹಾಗೆ ಮಾಡದೆ, ಮೊದಲು ಮೊಣಕೈಯ ಮೇಲಿನ ಬಟ್ಟೆಯನ್ನು ಭುಜದ ಕಡೆಗೆ ಸರಿಸಿಕೊಂಡು, ಅನಂತರ ಕೆಳಗಿನದನ್ನು ಏರಿಸಿ, ನೆರಿಗೆಗಳನ್ನು ಅಂಗೈಯಿಂದ ಮೇಲ್ಮುಖವಾಗಿ ಸವರಬೇಕು. ಅಂಚು ನಿಲ್ಲತಕ್ಕ ಸ್ಥಳವು ಆ ದಪ್ಪ ಭಾಗದ ಮೇಲ್ಗಡೆಯಲ್ಲಿ, ಮೊಣಕೈಯ ಮಡಿಕೆಯ ಸಮೀಪದಲ್ಲಿ. ಅಲ್ಲಿಂದ ಇಳಿಯಬೇಕಾದರೆ ತೋಳು ಆ ದಿಣ್ಣೆಯನ್ನು ದಾಟಬೇಕು. ಅರ್ಧ ಮುಂಗೈಗೆ ಏರಿಸಿ ಬಿಟ್ಟದ್ದು ನಿಲ್ಲುವದೇ ಇಲ್ಲ.

ಎರಡನೆಯದು ಮಡಿಸುವದು. ತೋಳು ಮಣಿಕಟ್ಟಿನ ಕಡೆಗೆ ಕಿರಿದಾಗುತ್ತ ಬರುವ ಕತ್ತರಿಕೆಯದಾಗಿದ್ದರೆ, ಕಿರಿದಾದ ಅಂಚನ್ನು ಹಿಂದಕ್ಕೆ ಮಡಚಿದಾಗ ಅದು ಅಗಲವಾದ ಭಾಗದ ಮೇಲೆ ಬಂದು ತಾನೇ ಬಿಗಿಯಾಗುತ್ತದೆ. ಮೇಲಿಂದ ಕೆಳಗೆ ಒಂದೇ ಅಗಲವುಳ್ಳ ತೋಳಿಗೆ ಈ ಪ್ರಯೋಜನವಿಲ್ಲ. ಒಂದು ಸಾರಿ ಮಡಿಸಿದರೆ ಎರಡು ಪದರ, ಎರಡು ಸಾರಿ ಮಡಿಸಿದರೆ ಮೂರು ಪದರ. ಅಸ್ತರು ಉಳ್ಳದ್ದಾದರೆ ಮೂರು ಪದರವೆಂದರೆ ಆರು ಬಟ್ಟೆಗಳಾದವು. ಆದ್ದರಿಂದ ಅಸ್ತರಿನ ಜಾಕೀಟನ್ನು ಎರಡಕ್ಕಿಂತ ಹೆಚ್ಚು ಸಾರಿ ಮಡಿಸಬಾರದು. ಮಡಿಸಿದರೆ ಕೈಗೆ ಗಾಲಿಯನ್ನು ಸಿಕ್ಕಿಸಿಕೊಂಡಂತಾಗುವದು. ಒಳಗೆ ಹತ್ತಿಯ ಅಂಗಿಯಿದ್ದಲ್ಲಿ ಉತ್ತಮವಾದ ಕ್ರಮವೇನೆಂದರೆ, ಜಾಕೀಟಿನ ತೋಳನ್ನು ಒಂದು ಸಾರಿ ಮಡಚಿ, ಅಂಗಿಯ ತೋಳಿನ ಅಂಚನ್ನು ಹೊರಕ್ಕೆ ತಂದು ಆ ಮಡಿಕೆಯ ಮೇಲೆ ತಿರುಗಿಸಿಬಿಡುವದು. ನುಣುಪಾದ ಅಸ್ತರು ಆಗ ಹತ್ತಿಯ ಬಟ್ಟೆಯ ಹಿಡಿತದೊಳಗೆ ಸಿಕ್ಕಿಕೊಳ್ಳುತ್ತದೆ. ನಾನು ಪ್ರತಿದಿನ ಮಾಡುವದು ಇದನ್ನೇ.

ಕೋಟುಗಳ ಮಣಿಕಟ್ಟಿನ ಬಳಿಯಲ್ಲಿ ಮೂರೋ ನಾಲ್ಕೋ ಗುಂಡಿಗಳಿರುವದನ್ನು ನೀವು ನೋಡಿರುವಿರಿ. ಈಗಿನ ಹೆಚ್ಚಿನವುಗಳಲ್ಲಿ ಅವು ಅಲಂಕಾರಕ್ಕಾಗಿ ಮಾತ್ರ, ಕಾಜವೇ ಇರುವದಿಲ್ಲ. ನಿಜವಾಗಿ ಬಿಚ್ಚಬಹುದಾದ ಗುಂಡಿಗಳಿದ್ದರೆ ದರ್ಜಿಗಳು ಅದನ್ನು ಸರ್ಜನ್ ಕಫ್ ಎಂದು ಕರೆಯುತ್ತಾರೆ. ಶಸ್ತ್ರವೈದ್ಯರು ಕೋಟನ್ನು ತೆಗೆಯದೆ ತೋಳನ್ನು ಮಡಿಸಿಕೊಳ್ಳುವದಕ್ಕೆ ಅನುಕೂಲವಾಗುವದರಿಂದ ಆ ಹೆಸರಂತೆ. ನಿಮ್ಮ ಜಾಕೀಟಿಗೆ ಇಂಥ ಗುಂಡಿಗಳಿದ್ದರೆ ಬಿಚ್ಚಿಯೇ ಮಡಿಸಿರಿ. ಬಿಚ್ಚದೆ ನೂಕಿದರೆ ಹೊಲಿಗೆಯು ಹರಿಯುವದು.

ಮೂರನೆಯದು ಎಲಾಸ್ಟಿಕ್ ಪಟ್ಟಿ. ಇದು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡು ಅಮೆರಿಕ ದೇಶಗಳಲ್ಲಿ ಮಾರುತ್ತಿದ್ದ ಸಿದ್ಧ ಅಂಗಿಗಳ ತೋಳುಗಳು ಬಹುಮಟ್ಟಿಗೆ ಒಂದೇ ಉದ್ದದವುಗಳಾಗಿದ್ದುದರಿಂದ, ಗಿಡ್ಡ ಕೈಯವರು ಮೊಣಕೈಯ ಮೇಲ್ಗಡೆ ಒಂದೊಂದು ಪಟ್ಟಿಯನ್ನು ತೊಟ್ಟು ಹೆಚ್ಚಿನ ಬಟ್ಟೆಯನ್ನು ಮೇಲಕ್ಕೆ ಹಿಡಿದುಕೊಳ್ಳುತ್ತಿದ್ದರು. ಗುಮಾಸ್ತರಿಗೆ ಅಂಗಿಯ ಅಂಚು ಶಾಯಿಯಲ್ಲಿ ಅದ್ದದಂತೆಯೂ ಅದೇ ಪಟ್ಟಿಯು ಕಾಪಾಡುತ್ತಿತ್ತು. ರಬ್ಬರನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮಾಡುವ ವಿಧಾನವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವನು 1839ರಲ್ಲಿ ಕಂಡುಕೊಂಡ ಮೇಲೆ ಇದೆಲ್ಲ ಸಾಧ್ಯವಾಯಿತು. ಕಾಗದಗಳನ್ನು ಕಟ್ಟುವ ರಬ್ಬರ್ ಬಳೆಗೆ ಲಂಡನ್ನಿನ ಸ್ಟೀಫನ್ ಪೆರಿಯು 1845ರಲ್ಲಿ ಹಕ್ಕುಪತ್ರವನ್ನು ಪಡೆದನು. ನಮ್ಮ ಸುಳ್ಯ ಪುತ್ತೂರು ಕಡೆಗಳಿಂದ ಬಂದ ಹುಡುಗಿಯರಿಗೆ ರಬ್ಬರಿನ ಹಾಲನ್ನು ಮರದಿಂದ ಇಳಿಸುವದನ್ನು ನಾನು ವಿವರಿಸಬೇಕಾಗಿಲ್ಲ. ಅವರೇ ನನಗೆ ಹೇಳಿಕೊಟ್ಟಾರು. ಈಗಿನ ಪಟ್ಟಿಗಳಲ್ಲಿ ರಬ್ಬರಿಗೆ ಬದಲಾಗಿ, 1958ರಲ್ಲಿ ಅಮೆರಿಕದ ಡುಪಾಂಟ್ ಕಾರ್ಖಾನೆಯಲ್ಲಿ ಜೋಸೆಫ್ ಶಿವರ್ಸ್ ಎಂಬ ರಸಾಯನಶಾಸ್ತ್ರಜ್ಞನು ಕಂಡುಹಿಡಿದ ಸ್ಪ್ಯಾಂಡೆಕ್ಸ್ ಎಂಬ ನೂಲೂ ಇರುವದುಂಟು.

ಕಾಗದ ಕಟ್ಟುವ ರಬ್ಬರ್ ಬಳೆಯನ್ನು ಕೈಗೆ ಹಾಕಿಕೊಳ್ಳುವ ಹುಡುಗಿಯರನ್ನು ನಾನು ತಡೆಯುತ್ತೇನೆ. ಒಂದೇ ಬಿಗಿತವಾದರೂ ಪಟ್ಟಿಯು ಎಷ್ಟು ಸಪೂರವೋ ಒತ್ತಡವು ಅಷ್ಟು ಹೆಚ್ಚು. ದಾರವು ಬೆರಳನ್ನು ಕೊಯ್ಯುವಂತೆ ನಾಡವು ಕೊಯ್ಯುವದಿಲ್ಲವಷ್ಟೆ. ಆದದರಿಂದ 1 ಅಂಗುಲ ಅಗಲದ ಪಟ್ಟಿಯನ್ನು ತೆಗೆದುಕೊಳ್ಳಿರಿ. ತೋಳನ್ನು ಏರಿಸಿ, ಅಂಚು ನಿಲ್ಲತಕ್ಕ ಸ್ಥಳದಲ್ಲಿ ಬಟ್ಟೆಯ ಮೇಲೆಯೇ, ಮೊಣಕೈಯನ್ನು ಬಾಗಿಸಿಕೊಂಡು ಅಳೆಯಿರಿ. ಬರಿಯ ಕೈಯನ್ನು ಅಳೆಯಬೇಡಿರಿ. ನಾವು ಮೊದಲ ಸಾರಿ ಈ ತಪ್ಪನ್ನು ಮಾಡಿ ಆರು ಜೊತೆ ಪಟ್ಟಿಗಳನ್ನು ಹಾಳುಮಾಡಿದೆವು. ಬಂದ ಅಳತೆಯಲ್ಲಿ ಹತ್ತರಲ್ಲಿ ಒಂದು ಪಾಲನ್ನು ಕಳೆಯಬೇಕು. ಅಳತೆಯು 10 ಅಂಗುಲವಾದರೆ ಬಳೆಯು 9 ಅಂಗುಲದ್ದಾಗಬೇಕು. ತುದಿಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯುವದಕ್ಕೆ 1 ಅಂಗುಲ ಕೂಡಿಸಿದರೆ ಕತ್ತರಿಸತಕ್ಕ ಉದ್ದವು 10 ಅಂಗುಲ. ತುದಿಗಳನ್ನು ಚೌಕಾಕಾರವಾಗಿ ಹೊಲಿದು ನಡುವೆ ಅಡ್ಡಡ್ಡ ಎರಡು ಗೆರೆಗಳನ್ನು ಹಾಕಿರಿ. ಈ ಬಳೆಯನ್ನು ಜಾಕೀಟಿನ ತೋಳಿನ ಹೊರಗೆ ತೊಟ್ಟು, ಅಂಚಿನ ಸ್ವಲ್ಪ ಬಟ್ಟೆಯನ್ನು ಅದರ ಮೇಲೆ ಮಗುಚಿದರೆ ಪಟ್ಟಿಯು ಕಣ್ಣಿಗೆ ಬೀಳದು.

ಪರೀಕ್ಷೆಯನ್ನು ಮರೆಯಬೇಡಿರಿ. ಪಟ್ಟಿಯ ಕೆಳಗೆ ಒಂದು ಬೆರಳು ಸುಲಭವಾಗಿ ಹೋಗಬೇಕು. ಹತ್ತು ನಿಮಿಷಗಳ ತರುವಾಯ ತೆಗೆದು ನೋಡಿದಾಗ ಆಳವಾದ ಗುರುತು ಕಂಡರೆ, ಇಲ್ಲವೆ ಬೆರಳುಗಳು ಜೋಮು ಹಿಡಿದರೆ, ಅರ್ಧ ಅಂಗುಲ ಸಡಿಲಿಸತಕ್ಕದ್ದು. ರಕ್ತವನ್ನು ಹಿಂದಕ್ಕೆ ಕೊಂಡೊಯ್ಯುವ ಸಿರೆಗಳು ಚರ್ಮದ ಕೆಳಗೇ ಇರುವದರಿಂದ ಬಿಗಿಯು ಮೊದಲು ಅವುಗಳನ್ನೇ ತಡೆಯುತ್ತದೆ. ರಕ್ತಪರೀಕ್ಷೆಗೆ ಮೊದಲು ದಾದಿಯು ಕೈಗೆ ಪಟ್ಟಿಯನ್ನು ಕಟ್ಟಿ ಸಿರೆಯನ್ನು ಉಬ್ಬಿಸುವದು ಇದೇ ತತ್ವದಿಂದ. ಆಕೆಯು ಅದನ್ನು ಕೂಡಲೇ ಬಿಚ್ಚುವಳು; ನೀವು ಇಡೀ ದಿನ ಕಟ್ಟಿಕೊಳ್ಳುವಿರಿ. ಬಿಸಿ ಇಸ್ತ್ರಿ, ಬಿಸಿಲು, ಎಣ್ಣೆ ಈ ಮೂರೂ ರಬ್ಬರಿಗೆ ಶತ್ರುಗಳು. ಒಗೆದು ನೆರಳಿನಲ್ಲಿ ಒಣಗಿಸಿರಿ.

ನಾಲ್ಕನೆಯದು ಪಟ್ಟಿ ಮತ್ತು ಗುಂಡಿ. ನನ್ನ ಅಭಿಪ್ರಾಯದಲ್ಲಿ ಪಾಠಶಾಲೆಯ ಜಾಕೀಟಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಯಾಕಂದರೆ ಇದು ಕೈಯನ್ನು ಹಿಚುಕುವದೂ ಇಲ್ಲ, ಮನುಷ್ಯರ ಜ್ಞಾಪಕಶಕ್ತಿಯನ್ನು ಅವಲಂಬಿಸುವದೂ ಇಲ್ಲ. ಅದೇ ಬಟ್ಟೆಯಿಂದ 1 ಅಂಗುಲ ಅಗಲ 5 ಅಂಗುಲ ಉದ್ದದ ಪಟ್ಟಿಯನ್ನು ಹೊಲಿದು, ಒಂದು ತುದಿಯಲ್ಲಿ ಕಾಜವನ್ನು ಮಾಡಿರಿ. ಇನ್ನೊಂದು ತುದಿಯನ್ನು ತೋಳಿನ ಒಳಭಾಗದಲ್ಲಿ, ಮೊಣಕೈಗಿಂತ 2 ಅಂಗುಲ ಮೇಲೆ ಹೊಲಿಯತಕ್ಕದ್ದು. ಅದೇ ಸ್ಥಳದಲ್ಲಿ ಹೊರಗಡೆ ಗುಂಡಿ. ತೋಳನ್ನು ಮಡಿಸಿ, ಪಟ್ಟಿಯನ್ನು ಮಡಿಕೆಯ ಕೆಳಗಿನಿಂದ ಹೊರಕ್ಕೆ ತಂದು ಗುಂಡಿಗೆ ಸಿಕ್ಕಿಸಿದರೆ ಮಡಿಕೆಯು ತೊಟ್ಟಿಲಲ್ಲಿ ಮಲಗಿದಂತೆ ನಿಲ್ಲುವದು. ಪಟ್ಟಿಯನ್ನು ಅಸ್ತರಿಗೆ ಮಾತ್ರ ಹೊಲಿದರೆ ಒಂದೇ ವಾರದಲ್ಲಿ ಅಸ್ತರು ಕಿತ್ತುಬರುವದು. ಸೂಜಿಯು ಹೊರಬಟ್ಟೆಯನ್ನು ಹಿಡಿಯಲೇಬೇಕು, ಗುಂಡಿಯ ಹಿಂದೆ ಒಂದು ಸಣ್ಣ ತುಂಡು ಬಟ್ಟೆಯೂ ಇರಬೇಕು.

ಸೇಫ್ಟಿಪಿನ್ನನ್ನು ಕುರಿತು ಒಂದೇ ಮಾತು. 1849ರಲ್ಲಿ ನ್ಯೂಯಾರ್ಕಿನ ವಾಲ್ಟರ್ ಹಂಟ್ ಎಂಬವನು ಇದಕ್ಕೆ ಹಕ್ಕುಪತ್ರ ಪಡೆದಂದಿನಿಂದ ಹೆಂಗಸರಿಗೆ ಇದರಿಂದಾದ ಉಪಕಾರವು ಅಷ್ಟಿಷ್ಟಲ್ಲ. ಆದರೆ ಪದೇ ಪದೇ ಬಾಗುವ ಮೊಣಕೈಯ ಬಳಿಯಲ್ಲಿ ಅದಕ್ಕೆ ಸ್ಥಳವಿಲ್ಲ.

ಇಷ್ಟೆಲ್ಲ ಮಾಡುವದಕ್ಕಿಂತ ತೋಳನ್ನೇ ಚಿಕ್ಕದು ಮಾಡಬಾರದೇ ಎಂದು ತಾಯಂದಿರು ಕೇಳುವರು. ಕೇಳುವದು ನ್ಯಾಯವೇ. ಕೊಡಗಿನ ಗಂಡಸರು ಹಬ್ಬಕ್ಕೂ ಮದುವೆಗೂ ತೊಡುವ ಕುಪ್ಯದ ತೋಳು ಮೊಣಕೈಯ ಬಳಿಯಲ್ಲಿಯೇ ಮುಗಿಯುತ್ತದೆ. ಒಳಗಿನ ಬಿಳಿಯ ಅಂಗಿಯ ತೋಳು ಮಾತ್ರ ಮುಂದೆ ಬರುತ್ತದೆ. ಅವರಿಗೆ ನಮ್ಮ ಈ ಪಾಠವೇ ಬೇಕಾಗಿಲ್ಲ. ಬೆಳೆಯುವ ಮಕ್ಕಳ ಜಾಕೀಟನ್ನು ಮಾತ್ರ ಕತ್ತರಿಸಬೇಡಿರಿ. ಹೆಚ್ಚಿನ ಉದ್ದವನ್ನು ಅಂಚಿನಲ್ಲಿ ಒಳಕ್ಕೆ ಮಡಚಿ ಕೈಹೊಲಿಗೆ ಹಾಕಿರಿ. ವರುಷಕ್ಕೊಮ್ಮೆ ಬೇಕಾದಷ್ಟನ್ನು ಬಿಚ್ಚಬಹುದು. ಬಿಚ್ಚಿದಾಗ ಕಾಣುವ ಹಳೆಯ ಗೆರೆಯನ್ನು ಒದ್ದೆಬಟ್ಟೆಯ ಮೇಲಿನಿಂದ ಇಸ್ತ್ರಿ ಮಾಡಿದರೆ ಬಹುಪಾಲು ಅಳಿಸಿಹೋಗುವದು. ಅಕ್ಕನದನ್ನು ತಂಗಿಗೆ ತೊಡಿಸುವದರಲ್ಲಿ ನಾಚಿಕೆಯೇನೂ ಇಲ್ಲ. ನಾನು ಈ ಶಾಲೆಯಲ್ಲಿ ಓದುವಾಗ ತೊಟ್ಟದ್ದೂ ಬೇರೊಬ್ಬರದೇ.

ಸೊಗಸಿಗಾಗಿ ತೋಳು ಏರಿಸುವವರೂ ಉಂಟು. 1984ರಲ್ಲಿ ಆರಂಭವಾದ ‘ಮಿಯಾಮಿ ವೈಸ್’ ಎಂಬ ಅಮೆರಿಕದ ದೂರದರ್ಶನ ಧಾರಾವಾಹಿಯಲ್ಲಿ ಡಾನ್ ಜಾನ್ಸನ್ ಎಂಬ ನಟನು ಬಿಳಿಯ ಕೋಟಿನ ತೋಳುಗಳನ್ನು ಮೊಣಕೈಯ ಕಡೆಗೆ ಏರಿಸಿಕೊಂಡು ತೋರಿದ್ದರಿಂದ ಅದೊಂದು ದೊಡ್ಡ ಫ್ಯಾಶನ್ನೇ ಆಯಿತು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಕಚೇರಿಗಳಿಗೆ ಹಾಗೆ ಹೋಗುತ್ತಾರೆಂದು ಕೇಳಿದ್ದೇನೆ. ನನ್ನ ಆಕ್ಷೇಪವಿಲ್ಲ, ಅಗಲವಾದ ಪಟ್ಟಿಯನ್ನು ಹಾಕಿಕೊಳ್ಳಲಿ.

ಆದರೆ ಉರಿಯ ಬಳಿಯಲ್ಲಿಯೂ ತಿರುಗುವ ಯಂತ್ರದ ಬಳಿಯಲ್ಲಿಯೂ ಮೇಲೆ ಹೇಳಿದ ಉಪಾಯಗಳಲ್ಲಿ ಯಾವದನ್ನೂ ನಂಬತಕ್ಕದ್ದಲ್ಲ. ಅಡಿಗೆಯ ಒಲೆ, ಪ್ರಯೋಗಶಾಲೆಯ ದೀಪ, ಹಿಟ್ಟಿನ ಗಿರಣಿ, ಇವುಗಳ ಮುಂದೆ ಜಾಕೀಟನ್ನು ಕಳಚಿಡಬೇಕು. ಪಟ್ಟಿಯು ಹರಿದರೆ ತೋಳು ಒಮ್ಮೆಲೇ ಬೀಳುವದು. ಏರಿಸದೆ ಇದ್ದ ತೋಳಿಗಿಂತಲೂ ಅದು ಅಪಾಯಕರ, ಏಕೆಂದರೆ ತೊಟ್ಟವಳು ಅದನ್ನು ನಿರೀಕ್ಷಿಸಿರುವದಿಲ್ಲ. ಹತ್ತಿಯ ಬಟ್ಟೆಯು ಹತ್ತಿಕೊಂಡು ಉರಿಯುತ್ತದೆ. ಪಾಲಿಯೆಸ್ಟರ್ ಮೊದಲಾದ ಕೃತಕ ನೂಲುಗಳು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಉಡುಪಿಗೆ ಬೆಂಕಿ ತಗಲಿದರೆ ಓಡಬಾರದು. ನೆಲದ ಮೇಲೆ ಮಲಗಿ ಹೊರಳಬೇಕು. ಉರಿಯು ಆರಿದ ಮೇಲೆ ಸುಟ್ಟ ಭಾಗವನ್ನು 20 ನಿಮಿಷಗಳ ವರೆಗೆ ಹರಿಯುವ ತಣ್ಣೀರಿನ ಕೆಳಗೆ ಹಿಡಿದು, ಬಳೆ ಉಂಗುರಗಳನ್ನು ಬಾವು ಬರುವ ಮೊದಲೇ ತೆಗೆದು, ವೈದ್ಯರ ಬಳಿಗೆ ಹೋಗಬೇಕು. ಅಂಟಿಕೊಂಡ ಬಟ್ಟೆಯನ್ನು ಮಾತ್ರ ಮನೆಯಲ್ಲಿ ಕೀಳಬಾರದು.

ದಾದಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇನ್ನೊಂದು ಕಾರಣವೂ ಗೊತ್ತಿದೆ. ಇಂಗ್ಲೆಂಡಿನ ಸರಕಾರೀ ಆಸ್ಪತ್ರೆಗಳಲ್ಲಿ 2008ರ ಆರಂಭದಿಂದ, ರೋಗಿಗಳನ್ನು ಮುಟ್ಟಿ ಉಪಚರಿಸುವವರು ಮೊಣಕೈಯಿಂದ ಕೆಳಗೆ ಬಟ್ಟೆಯನ್ನಾಗಲಿ ಕೈಗಡಿಯಾರವನ್ನಾಗಲಿ ತೊಡಬಾರದೆಂಬ ನಿಯಮವನ್ನು ಜಾರಿಗೆ ತಂದರು. ಕೈಯನ್ನು ಮಣಿಕಟ್ಟಿನ ವರೆಗೆ ಚೆನ್ನಾಗಿ ತೊಳೆಯಬೇಕಾದರೆ ಇಳಿಯುವ ತೋಳೊಂದು ದೊಡ್ಡ ಅಡ್ಡಿ.

ನಮ್ಮ ಪಾಠಶಾಲೆಯಲ್ಲಿ ಆ ವರುಷದ ಬೇಸಗೆಯ ರಜೆಯ ತರುವಾಯ ಸಮವಸ್ತ್ರದ ಅಸ್ತರನ್ನು ಬದಲಾಯಿಸಿದೆವು. ದೇಹದ ಭಾಗಕ್ಕೆ ನುಣುಪು ಬಟ್ಟೆ, ತೋಳಿನ ಕೆಳಗಿನ ಅರ್ಧಕ್ಕೆ ತೆಳುವಾದ ಹತ್ತಿಯ ಬಟ್ಟೆ. ಒಳಗೆ ಪಟ್ಟಿ, ಹೊರಗೆ ಗುಂಡಿ. ಹಳೆಯ ಜಾಕೀಟುಗಳಿಗೆ ಎಂಟನೆಯ ತರಗತಿಯವರು ಹೊಲಿಗೆಯ ಪಾಠದಲ್ಲಿ ಪಟ್ಟಿಗಳನ್ನು ಹೊಲಿದು ಕೊಡುತ್ತಾರೆ. ಬೇಕಾದ ಪೋಷಕರು ಶನಿವಾರ ಬೆಳಿಗ್ಗೆ ತಂದುಕೊಡಬಹುದು. ಪ್ರಯೋಗಶಾಲೆಯ ಬಾಗಿಲಲ್ಲಿ ಮೂವತ್ತು ಗೂಟಗಳನ್ನು ಹೊಡೆಸಿದ್ದೇನೆ. ಚಳಿಯಿದ್ದರೂ ಜಾಕೀಟುಗಳು ಅಲ್ಲಿಯೇ ಉಳಿಯುತ್ತವೆ. ತೋಳು ಸುಟ್ಟುಕೊಂಡ ಹುಡುಗಿಯು ಈಗ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನೇ ಓದುತ್ತಾಳೆ. ಆ ಜಾಕೀಟನ್ನು ಮೊನ್ನೆ ಜೂನಿನಲ್ಲಿ ಅವಳ ಚಿಕ್ಕ ತಂಗಿಯು ತೊಟ್ಟುಕೊಂಡು ಬಂದಳು. ತೋಳು ಮತ್ತೆ 3 ಅಂಗುಲ ಉದ್ದವಾಗಿತ್ತು. ಮಡಿಕೆಯನ್ನು ಈ ಸಾರಿ ನಾನೇ ಹಾಕಿಕೊಟ್ಟೆನು.